ಅಕ್ಕನ ಓರೆ ಬಾಯಿಯ ಕ್ಯಾನು

ನಾನು ಸಾಲಿ ಕಲಿತದ್ದು ಏಳನೆಯ ತರಗತಿಯವರೆಗೆ. ಉಳಿದದ್ದನ್ನೆಲ್ಲ ಫೋನು ಕಲಿಸಿತು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಬೀದರಿನ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ನನ್ನ ಕೆಲಸ. ಹಳ್ಳಿಯಿಂದ ಬಂದವರ ಮೆಮೊರಿ ಕಾರ್ಡಿಗೆ ಹಾಡು, ಭಜನೆ ತುಂಬಿಕೊಡುವುದು, ಒಡೆದ ಗ್ಲಾಸು ಬದಲಿಸುವುದು, ರಿಚಾರ್ಜ್ ಮಾಡುವುದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಂಟರ್ನೆಟ್ಟಿನಲ್ಲಿ ಉಪಾಯಗಳನ್ನು ಹುಡುಕುತ್ತ ಕೂಡುತ್ತಿದ್ದೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಕಂಡುಹಿಡಿದ ಸಣ್ಣ ಸಣ್ಣ ಉಪಾಯಗಳು. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಪ್ಲಾಸ್ಟಿಕ್ ಚೀಲದ ಬಾಯನ್ನು ಅದರೊಳಗಿಂದ ತೂರಿಸಿ ಹೊರಗೆ ಮಡಚಿ, ಮುಚ್ಚಳ ತಿರುಗಿಸಿದರೆ ಒಳಗಿನ ಹಿಟ್ಟಿಗೆ ಹುಳ ಹತ್ತುವುದಿಲ್ಲ. ಬೆಳ್ಳುಳ್ಳಿಯನ್ನು ಎರಡು ಬಟ್ಟಲುಗಳ ನಡುವೆ ಹಾಕಿ ಜೋರಾಗಿ ಅಲುಗಿಸಿದರೆ ಸಿಪ್ಪೆ ತಾನೇ ಬಿಡುತ್ತದೆ. ತಲೆ ಸವೆದ ಸ್ಕ್ರೂ ಮೇಲೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸಿದರೆ ಬಿಚ್ಚುತ್ತದೆ.

ಎಲ್ಲವೂ ನಮ್ಮ ಕಡೆ ನಡೆಯುತ್ತಿರಲಿಲ್ಲ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡಬೇಕು ಎಂದು ಒಂದು ವಿಡಿಯೋ ಹೇಳಿತ್ತು. ಭಾಲ್ಕಿ ಕಡೆಯ ಗಿರಾಕಿಯೊಬ್ಬನ ಮನೆಯಲ್ಲಿ ಅಕ್ಕಿ ಎಲ್ಲಿಂದ ಬರಬೇಕು? ಜೋಳದ ಹಿಟ್ಟಿನ ಚೀಲದಲ್ಲೇ ಇಡು ಎಂದೆ. ಮರುದಿನ ಅವನು ಬಂದು ಫೋನನ್ನು ಮೇಜಿನ ಮೇಲೆ ಕುಟ್ಟಿದ. ಚಾರ್ಜರಿನ ತೂತಿನಿಂದ ಹಿಟ್ಟು ಉದುರಿತು. "ಫೋನ್ ಒಣಗ್ಯದ್ರಿ ಗುರೂಜಿ. ರೊಟ್ಟಿ ಯಾವಾಗ ಬಡೀಲಿ?" ಎಂದ.

ಹೌದು, ನನ್ನನ್ನು ಜನ ಗುರೂಜಿ ಎನ್ನುತ್ತಿದ್ದರು. ಅರ್ಧ ಚೇಷ್ಟೆ, ಅರ್ಧ ನಿಜ. ಅಂಗಡಿಗೆ ಬರುವವರನ್ನೆಲ್ಲ ಸೇರಿಸಿ ಫೋನಿನಲ್ಲಿ ಒಂದು ಗ್ರೂಪು ಮಾಡಿದ್ದೆ. ಬೀದರ, ಭಾಲ್ಕಿ, ಔರಾದ ಮೂರೂ ಕಡೆಯವರು ಅದರಲ್ಲಿದ್ದರು. ದಿನಕ್ಕೊಂದು ಉಪಾಯ ಕಳಿಸುತ್ತಿದ್ದೆ. ಅವರು ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸುತ್ತಿದ್ದರು. ಸಾಲಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಮಾಸ್ತರರ ಕಣ್ಣು ತಪ್ಪಿಸುತ್ತಿದ್ದ ನನಗೆ ಆ ಹೆಬ್ಬೆಟ್ಟುಗಳ ಚಟ ಹತ್ತಿತು.

ನನಗೆ ಒಬ್ಬಳೇ ಅಕ್ಕ. ಅವ್ವ ಬೇಗ ತೀರಿಕೊಂಡಳು, ಭಾಲ್ಕಿ ತಾಲೂಕಿನ ನಮ್ಮ ಊರಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ನನ್ನನ್ನು ಹೊತ್ತದ್ದರಿಂದಲೇ ಅವಳಿಗೆ ಸಾಲಿ ತಪ್ಪಿತು. ಅವಳಿಗಾಗಿ ತೆರೆದಿದ್ದ ಬಾಗಿಲಿನಿಂದ ನಾನು ಒಳಗೆ ಹೋದೆ, ಹೋಗಿ ಕಲಿಯದೆ ಹೊರಗೆ ಬಂದೆ. ಅವಳನ್ನು ಔರಾದ ತಾಲೂಕಿಗೆ ಕೊಟ್ಟರು. ಠಾಣಾ ಕುಶನೂರದಲ್ಲಿ ಬಸ್ಸು ಇಳಿದು ಒಳಗೆ ನಡೆದು ಹೋಗಬೇಕಾದ ಊರು. ಅವಳಿಗೆ ಒಬ್ಬಳೇ ಮಗಳು.

ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಊರಿನ ಅರ್ಧ ಮನೆಗಳಿಗೆ ಕೀಲಿ ಬಿತ್ತು. ಗಂಡ ಹೆಂಡತಿ ಮಕ್ಕಳು ಸಮೇತ ಹೈದರಾಬಾದು, ಪುಣೆ ಎಂದು ಹೊರಟರು. ಅಕ್ಕನ ಗಂಡನೂ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ. ಅಕ್ಕ ಹೋಗಲಿಲ್ಲ. ಮಗಳು ಆಗ ಏಳನೆಯ ತರಗತಿಯಲ್ಲಿದ್ದಳು. ಓದಿನಲ್ಲಿ ಚುರುಕು. "ಇಕಿ ಹತ್ತನೇತ್ತ ಪಾಸ್ ಆಗೋತನ ನಾ ಈ ಊರು ಬಿಡಂಗಿಲ್ಲ" ಎಂದು ಅಕ್ಕ ಗಂಡನಿಗೆ ಹೇಳಿ ಕಳಿಸಿದ್ದಳು. ಒಂದು ಎಮ್ಮೆ ಇತ್ತು. ಅದರ ಹಾಲು ಮಾರಿ ಮನೆ ನಡೆಯುತ್ತಿತ್ತು. ಎಮ್ಮೆಗೆ ನೀರು ಬೇಕು. ನೀರಿದ್ದರೆ ಎಮ್ಮೆ, ಎಮ್ಮೆ ಇದ್ದರೆ ಊರು, ಊರಿದ್ದರೆ ಮಗಳ ಸಾಲಿ. ಅಕ್ಕನ ಸಂಸಾರ ಇಷ್ಟರ ಮೇಲೆ ನಿಂತಿತ್ತು.

ಟ್ಯಾಂಕರ್ ಬಂದು ನೀರನ್ನು ಊರ ಬಾವಿಗೇ ಸುರಿದು ಹೋಗುತ್ತಿತ್ತು. ಇಂತಿಷ್ಟು ಕೊಡ ಎಂದು ಲೆಕ್ಕವಿಟ್ಟರೆ ಕೊಡದ ಗಾತ್ರಕ್ಕೆ ಜಗಳ ಬರುತ್ತದೆಂದು ಹಿರಿಯರು ಬೇರೆಯೇ ಕಟ್ಟು ಮಾಡಿದ್ದರು. ಒಂದು ಮನೆಯವರು ಇಷ್ಟು ಸಲ ಹಗ್ಗ ಬಿಡಬೇಕು, ಮೇಲೆ ಬಂದಷ್ಟು ನೀರು ಅವರದು, ಆಮೇಲೆ ಸರಿದು ನಿಲ್ಲಬೇಕು. ಬಾವಿಯ ತಳದಲ್ಲಿ ನೀರು ಮೊಣಕಾಲುದ್ದವೂ ಇರುತ್ತಿರಲಿಲ್ಲ. ಬಕೀಟು ಹೋಗಿ ಕಲ್ಲಿಗೆ ಬಡಿದು, ತೇಲಿ, ಹೊರಳಿ, ಅರ್ಧ ತುಂಬಿಕೊಂಡು ಮೇಲೆ ಬರುತ್ತಿತ್ತು. ಹೆಂಗಸರು ಹಗ್ಗ ಕುಲುಕಿ ಕುಲುಕಿ ಸುಸ್ತಾಗುತ್ತಿದ್ದರು.

ಅಕ್ಕನ ಹತ್ತಿರ ಬಕೀಟು ಇರಲಿಲ್ಲ. ಹೋಟೆಲಿನವರು ಬಿಸಾಡಿದ ಎಣ್ಣೆಯ ದೊಡ್ಡ ಪ್ಲಾಸ್ಟಿಕ್ ಕ್ಯಾನೊಂದನ್ನು ನಾನು ಬೀದರಿನಿಂದ ಒಯ್ದು ಕೊಟ್ಟಿದ್ದೆ. ಅವಳು ಅದರ ಬಾಯಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ತುಟಿಗೆ ಕುಂಟೆಯ ಮುರಿದ ಕಬ್ಬಿಣದ ತುಂಡನ್ನು ತಂತಿಯಿಂದ ಬಿಗಿದಿದ್ದಳು. ನೋಡಿದರೆ ಕರುಣೆ ಬರುವಂಥ ವಸ್ತು. ಊರವರು ಬಡತನ ಎಂದುಕೊಂಡರು, ಕೆಲವರು ನಕ್ಕರು. ಪಕ್ಕದ ಮನೆಯ ಮುದುಕಿ ಮಾತ್ರ ಆಗಾಗ ತನ್ನ ಪಾಲಿನಿಂದ ಅರ್ಧ ಕೊಡ ಅಕ್ಕನ ಕೊಡಕ್ಕೆ ಸುರಿಯುತ್ತಿದ್ದಳು.

ಬೇಸಗೆಯ ಒಂದು ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಅಕ್ಕ ಪಾಳಿ ಮುಗಿಸಿ ಬಾವಿಕಟ್ಟೆಯಿಂದ ಸರಿದು ನಿಂತಿದ್ದಳು. ಉಳಿದವರ ಕೊಡಗಳಿಗಿಂತ ಅವಳ ಕೊಡಗಳು ತುಂಬಿದ್ದವು. ಇಂಥದ್ದನ್ನೇ ದಿನವಿಡೀ ನೋಡುವ ನನ್ನ ಕಣ್ಣಿಗೆ ಅದು ಕೂಡಲೇ ಬಿತ್ತು. ಹೇಗೆ ಎಂದು ಕೇಳಿದೆ. ಜನ ಹೋಗಲಿ ಎಂದಳು. ಎಲ್ಲರೂ ಹೋದ ಮೇಲೆ ನಾನು ಫೋನು ಹಿಡಿದೆ. ಮಗಳು ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದಳು. ಅಕ್ಕ ಕ್ಯಾನನ್ನು ಬಾವಿಗೆ ಬಿಟ್ಟು ತೋರಿಸಿದಳು. ಕಬ್ಬಿಣದ ಭಾರಕ್ಕೆ ಅದು ನೀರಿನ ಮೇಲೆ ತೇಲಲಿಲ್ಲ. ತುಟಿ ಕೆಳಗೆ ಮಾಡಿ ಅಡ್ಡ ಮಲಗಿತು, ಒಂದೇ ಗುಟುಕಿಗೆ ಕುಡಿಯಿತು, ಹಗ್ಗ ಜಗ್ಗಿದೊಡನೆ ನೆಟ್ಟಗಾಗಿ ಮೇಲೆ ಬಂತು. ಅಕ್ಕ ಕ್ಯಾಮೆರಾ ನೋಡಿ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ನೋಡಿ ವರ್ಷಗಳಾಗಿದ್ದವು.

"ಎಲ್ಲಾರ ಬಕೀಟು ಅರ್ಧ ಬರ್ತದ, ನಂದು ತುಂಬಿ ಬರ್ತದ. ಅವರಿಗಿ ಗೊತ್ತಿಲ್ಲ. ನನ್ನ ನೋಡಿ ನಕ್ಕೊಂತ ಹೋಗ್ತಾರ, ಹೋಗ್ಲಿ." ಆಮೇಲೆ ದನಿ ತಗ್ಗಿಸಿ, "ತಮ್ಮಾ, ಇದು ಯಾರಿಗೂ ತೋರಿಸಬ್ಯಾಡ. ನಿನಗ ನನ್ನ ಆಣಿ ಅದ" ಎಂದಳು.

ತೋರಿಸುವುದಿಲ್ಲ ಎಂದೆ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿರಲಿಲ್ಲ.

ಬೀದರಿಗೆ ಬರುವ ಬಸ್ಸಿನಲ್ಲಿ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ. ಅಷ್ಟು ದಿನ ನಾನು ಕಳಿಸಿದ್ದೆಲ್ಲ ಬೇರೆಯವರ ಬುದ್ಧಿ. ಇದು ನಮ್ಮ ಮನೆಯದು. ನೀರಿಲ್ಲದ ನೂರು ಊರಿಗೆ ಉಪಯೋಗವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಹೆಬ್ಬೆಟ್ಟುಗಳು ಬೇಕಾಗಿದ್ದವು. ವಿಡಿಯೋದ ಕೊನೆಯನ್ನು ಕತ್ತರಿಸಿದೆ. "ಯಾರಿಗೂ ತೋರಿಸಬ್ಯಾಡ" ಎಂಬ ಮಾತು ಹೋಯಿತು. ಅದಕ್ಕೆ ಮುಂಚಿನ ಮಾತು, ಊರವರಿಗೆ ಗೊತ್ತಿಲ್ಲ ಎಂಬ ಮಾತು, ಹಾಗೇ ಉಳಿಯಿತು. ಅದರಲ್ಲಿ ಏನು ಕೆಟ್ಟದ್ದಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅಕ್ಕ ಚೆಂದ ನಕ್ಕಿದ್ದಾಳೆ ಎಂದು ಉಳಿಸಿಕೊಂಡೆ. ಅಂಗಡಿ ಮುಚ್ಚುವ ಮೊದಲೇ ಗ್ರೂಪಿಗೆ ಕಳಿಸಿದೆ.

ಅದು ನನ್ನ ಎಲ್ಲ ಉಪಾಯಗಳಿಗಿಂತ ದೂರ ಓಡಿತು. ಒಂದು ಗ್ರೂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಅಂಗಡಿಗೆ ಬಂದವರು ನನಗೇ ತೋರಿಸಿದರು. ಅದು ನನ್ನ ಅಕ್ಕ ಎಂದು ಹೇಳಿ ಚಹಾ ಕುಡಿಸಿಕೊಂಡೆ. ಹೈದರಾಬಾದಿನಲ್ಲಿ ದುಡಿಯುತ್ತಿದ್ದ ಅಕ್ಕನ ಊರಿನವನೊಬ್ಬನ ಫೋನಿಗೆ ಅದು ಹೋಯಿತು. ಅಲ್ಲಿಂದ ಊರಿಗೆ ಬಂತು.

ಮುಂದೆ ನಡೆದದ್ದನ್ನು ಅಕ್ಕ ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಮೊದಲು ಬಾವಿಯ ಹತ್ತಿರ ಯಾರೂ ಅವಳನ್ನು ಮಾತಾಡಿಸಲಿಲ್ಲವಂತೆ. ಆಮೇಲೆ ಒಬ್ಬಳು, ರಾಣಿ ಬಂದಳು, ದಾರಿ ಬಿಡಿ ಎಂದಳಂತೆ. ಪಕ್ಕದ ಮನೆಯ ಮುದುಕಿ ಮಾತ್ರ ಅಕ್ಕನ ಮುಂದೆ ಬಂದು ನಿಂತಳು.

"ನಿನ್ನ ಕ್ಯಾನ್ ನೋಡಿದ್ರ ನನ್ನ ಕರಳು ಚುರ್ ಅಂತಿತ್ತವ್ವ. ನಾ ನನ್ನ ಪಾಲಿಂದು ಸುರೀತಿದ್ದೆ. ನೀ ಒಳಗೊಳಗ ನಗತಿದ್ದಿ."

ಮುದುಕಿಯ ನೀರನ್ನು ಅಕ್ಕ ಬೇಡ ಅನ್ನದೆ ತೆಗೆದುಕೊಂಡದ್ದು ಹೌದು. ಅವಳ ಎಮ್ಮೆಗೆ ಅದೂ ಬೇಕಾಗಿತ್ತು.

ಹಿರಿಯರು ಕೂಡಿ ಅವಳ ಪಾಳಿಯನ್ನು ಎಲ್ಲರಿಗಿಂತ ಕೊನೆಗೆ ಹಾಕಿದರು. ಅಷ್ಟರಲ್ಲಿ ಮನೆಮನೆಗೂ ಎಣ್ಣೆಯ ಕ್ಯಾನು ಬಂದಿತ್ತು, ಎಲ್ಲಕ್ಕೂ ಓರೆ ಬಾಯಿ, ಎಲ್ಲಕ್ಕೂ ಕಬ್ಬಿಣದ ತುಂಡು. ಎಲ್ಲರದೂ ತುಂಬಿ ಬರತೊಡಗಿತು. ಎಲ್ಲರದೂ ತುಂಬಿ ಬಂದರೆ ಕೊನೆಯವರಿಗೆ ಏನು ಉಳಿಯಬೇಕು? ಅಕ್ಕ ಹಗ್ಗ ಬಿಟ್ಟಾಗ ಮೇಲೆ ಬರುತ್ತಿದ್ದುದು ಕೆಸರು. ಅವಳ ಬುದ್ಧಿಯಿಂದಲೇ ಊರು ಅವಳ ಬಾವಿಯನ್ನು ಬರಿದು ಮಾಡಿತು.

ಅವಳು ಅಂಗಡಿಯ ಫೋನಿಗೆ ಕರೆ ಮಾಡಿದಳು. ಬೈಯಲಿಲ್ಲ. ಅದು ಹೊರಗೆ ಹೇಗೆ ಹೋಯಿತು ಎಂದಷ್ಟೇ ಕೇಳಿದಳು. ಅಂಗಡಿಯಲ್ಲಿ ಯಾರೋ ಗಿರಾಕಿ ನನಗೆ ತಿಳಿಯದಂತೆ ನನ್ನ ಫೋನಿನಿಂದ ತೆಗೆದುಕೊಂಡಿದ್ದಾನೆ ಎಂದೆ. ಆ ಸುಳ್ಳು ಮೊದಲೇ ತಯಾರಿದ್ದಂತೆ ಬಾಯಿಗೆ ಬಂತು.

"ನೀ ಯಾರನ್ನರ ಭಾಳ ಜಲ್ದಿ ನಂಬ್ತಿ ತಮ್ಮಾ" ಎಂದಳು ಅಕ್ಕ. ನನಗೇ ಸಮಾಧಾನ ಹೇಳಿದಳು.

ಎಮ್ಮೆಯನ್ನು ಔರಾದದ ಸಂತೆಗೆ ಹೊಡೆದು ಮಾರಿದರು. ಸಾಲಿ ಶುರುವಾಗುವ ಹೊತ್ತಿಗೆ ಅಕ್ಕ ಮನೆಗೆ ಕೀಲಿ ಹಾಕಿ, ಮಗಳನ್ನು ಕರೆದುಕೊಂಡು ಹೈದರಾಬಾದಿಗೆ ಹೋದಳು. ಬೀದರಿನಲ್ಲಿ ಬಸ್ಸು ಬದಲಿಸುವಾಗ ನಾನು ಅವರಿಗೆ ಬಾಳೆಹಣ್ಣು ಕೊಟ್ಟೆ. ಹುಡುಗಿಯ ತೊಡೆಯ ಮೇಲೆ ಸಾಲಿಯ ಚೀಲವಿತ್ತು. ಅಲ್ಲಿಯೂ ಸಾಲಿ ಇರುತ್ತದೆ ಎಂದು ಅಕ್ಕ ಅವಳಿಗೆ ಹೇಳುತ್ತಿದ್ದಳು. ಇತ್ತು, ಆದರೆ ತೆಲುಗು, ಉರ್ದು, ಇಂಗ್ಲಿಷ್. ಒಂದು ಕಟ್ಟಡ ಮುಗಿದರೆ ಗುಡಿಸಲು ಇನ್ನೊಂದು ಕಡೆಗೆ. ಹುಡುಗಿ ಕೆಲ ತಿಂಗಳು ಯಾವುದೋ ತರಗತಿಯ ಮೂಲೆಯಲ್ಲಿ ಕೂತಳು, ಆಮೇಲೆ ಬಿಟ್ಟಳು. ನಾನು ಬಿಟ್ಟ ತರಗತಿಯಲ್ಲೇ ಅವಳೂ ಬಿಟ್ಟಂತಾಯಿತು. ನಾನು ಸೋಮಾರಿತನದಿಂದ ಬಿಟ್ಟವನು.

ಕೆಲವು ವರ್ಷಗಳ ಮೇಲೆ ಅವರನ್ನು ನೋಡಲು ಹೋದೆ. ನಿಜ ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅರ್ಧ ಎದ್ದ ಕಟ್ಟಡದ ಹಿಂದೆ ತಗಡಿನ ಗುಡಿಸಲು. ಹುಡುಗಿ ಎತ್ತರ ಬೆಳೆದಿದ್ದಳು. ಕೂಲಿಗೆ ಹೋಗುವವರ ಸಣ್ಣ ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿರುತ್ತಿದ್ದಳು. ಖಾಲಿ ಕೈಯಲ್ಲಿ ಹೋಗಬಾರದೆಂದು ನಾನು ಫೋನಿನಲ್ಲಿ ಹುಡುಕಿ ಒಂದು ವಿಷಯ ತಂದಿದ್ದೆ. ಸಾಲಿಗೆ ಹೋಗದೆಯೂ ಹೊರಗಿನಿಂದ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬಹುದು. ಹುಡುಕಾಟದಲ್ಲಿ ನನಗೆ ಸಿಕ್ಕವುಗಳಲ್ಲಿ ಬಹುಶಃ ಇದೊಂದೇ ನಿಜವಾಗಿ ಬೆಲೆಯುಳ್ಳದ್ದು. ಅಕ್ಕನ ಮುಖ ಅರಳಿತು. ಇವತ್ತೇ ಫಾರ್ಮು ತುಂಬು ಎಂದಳು. ಹುಡುಗಿ ಮುಖ ತಿರುಗಿಸಿದಳು.

"ಮಾಮಾ ಹೇಳಿದ್ದು ಕೇಳು. ಅಂವ ಎಂದಾದ್ರೂ ನಮಗ ಕೆಟ್ಟದ್ದು ಮಾಡ್ಯಾನೇನು?" ಎಂದು ಹೇಳಿ ಅಕ್ಕ ಚಹಾಕ್ಕೆ ಹಾಲು ತರಲು ಹೋದಳು.

ಹುಡುಗಿ ಒಂದು ಮಗುವಿನ ಮೂಗು ಒರೆಸಿದಳು. ನನ್ನ ಕಡೆ ನೋಡದೆ ಮಾತಾಡಿದಳು.

"ಆ ವಿಡಿಯೋ ಇಲ್ಲಿ ಎಲ್ಲಾರ ಫೋನ್ದಾಗ ಅದ ಮಾಮಾ. ಅವತ್ತು ಅವ್ವ ಯಾರಿಗೂ ತೋರಿಸಬ್ಯಾಡ ಅಂದಿದ್ಲು. ಆ ಮಾತು ಅದರಾಗ ಇಲ್ಲ. ಗಿರಾಕಿ ಕದ್ರ ಆ ಮಾತ್ಯಾಕ ತೆಗೀತಾನ?"

ಅವ್ವನಿಗೆ ಹೇಳಿದ್ದೀಯಾ ಎಂದು ಕೇಳಿದೆ, ನಾನು ಕೇಳಿದ್ದು ಅದೊಂದನ್ನೇ.

"ಹೇಳಿಲ್ಲ. ಅಕಿಗಿ ತವರಂತ ನೀ ಒಬ್ಬಂವ ಇದ್ದಿ" ಎಂದಳು. "ಪರೀಕ್ಷಾ ಬ್ಯಾಡ. ನೀ ತಂದದ್ದು ನನಗ ಬ್ಯಾಡ."

ಅಕ್ಕ ಹಾಲು ತಂದು ಚಹಾ ಮಾಡಿದಳು. ಮಗಳು ಒಪ್ಪಿದಳೇ ಎಂದು ನನ್ನನ್ನು ಕೇಳಿದಳು. ಓದಿದ್ದೆಲ್ಲ ಮರೆತಿದ್ದಾಳಂತೆ, ಬೇಡ ಅನ್ನುತ್ತಾಳೆ ಎಂದೆ. ಮತ್ತೆ ಒಂದು ಸುಳ್ಳು. ಅಕ್ಕ ಮಗಳಿಗೆ ಬೈದಳು, ಸೊಕ್ಕು ಬಂದಿದೆ ಎಂದಳು, ಇಷ್ಟು ದೂರದಿಂದ ಬಂದ ಮಾಮನ ಮಾತಿಗೆ ಬೆಲೆ ಇಲ್ಲವೇ ಎಂದಳು. ಹುಡುಗಿ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಚಹಾ ಕುಡಿದೆ.

ಅಂದು ಬಾಯಿ ಬಿಡದವನು ಇಂದು ಬರೆಯುತ್ತಿದ್ದೇನೆ. ಇದರಲ್ಲಿ ಧೈರ್ಯವೇನೂ ಇಲ್ಲ. ಅಕ್ಕನಿಗೆ ಅಕ್ಷರ ಬರುವುದಿಲ್ಲ. ಇದು ಅವಳ ಕೈಗೆ ಸಿಕ್ಕರೂ ಓದಿ ಹೇಳಬೇಕಾದವಳು ಮಗಳು, ಮತ್ತು ಅವಳು ಓದಿ ಹೇಳುವುದಿಲ್ಲ. ಅದು ಗೊತ್ತಿರುವುದರಿಂದಲೇ ಇಷ್ಟನ್ನೂ ಬರೆಯಲು ನನ್ನಿಂದ ಆಯಿತು.