ಗಿಡುಗದ ಲೆಕ್ಕ ಮತ್ತು ನನ್ನ ಪಿಟಿಪಿಟಿ ಬಾಯಿ

ಬೆಳಗ್ಗೆ ತಾಳಗುಪ್ಪ ದಾಟುತ್ತಿದ್ದ ಹಾಗೆ, ರಸ್ತೆಗೆ ಅಡ್ಡ ಮಲಗಿದ್ದ ಎಮ್ಮೆಯ ಮೇಲೆ ಸ್ಕೂಟರ್ ಹತ್ತಿಸಿಯೇ ಬಿಡುತ್ತಿದ್ದರು ನಮ್ಮನೆಯವರು. ನಾನು ಹಿಂದಿನಿಂದ ಕಿರುಚಿಕೊಂಡಿದ್ದಕ್ಕೆ ಬ್ರೇಕ್ ಬಿತ್ತು. "ಕಂಡಿತ್ತೇ ಮಾರಾಯ್ತಿ, ಎಮ್ಮೇನೇ ಏಳ್ತದೆ ಅಂತ ಇದ್ದೆ" ಎಂದರು. ಎಮ್ಮೆ ಏಳುವುದಂತೆ, ಇವರಿಗಾಗಿ! ಆಗ ಶುರುವಾದ ಎದೆಯ ಡವಡವ ಹೊನ್ನೆಮರಡಿನ ಗುಡ್ಡ ಹತ್ತಿ ಕೂತರೂ ನಿಲ್ಲಲಿಲ್ಲ.

ದಸರೆ ಕಳೆದು ಮಳೆ ಹೊಳವಾದ ಮೇಲೆ ವಲಸೆ ಹೊರಟ ಗಿಡುಗಗಳು ಹಿನ್ನೀರಿನ ಮೇಲೆ ಹಾದು ದಕ್ಷಿಣಕ್ಕೆ ಹೋಗುತ್ತವೆ. ವರ್ಷಕ್ಕೊಂದು ದಿನ ಅವನ್ನು ಎಣಿಸಿ ಸಾಗರದ ಹಕ್ಕಿ ಗೆಳೆಯರಿಗೆ ಪಟ್ಟಿ ಕೊಡುವುದು ನಮ್ಮಿಬ್ಬರ ಕೆಲಸ. ಕಾರ್ಗಲ್ಲಿನ ವಿದ್ಯುತ್ ಯೋಜನೆಯ ಕೆಲಸದಿಂದ ನಿವೃತ್ತರಾದ ಮೇಲೆ ಇವರಿಗೆ ಹಿಡಿದ ಹುಚ್ಚು ಇದು. ದುರ್ಬೀನು ಹಿಡಿದು ಸಂಖ್ಯೆ ಹೇಳುವವರು ಇವರು, ಬರೆಯುವವಳು ನಾನು. ಪಟ್ಟಿಯ ಕೆಳಗೆ ‘ಎಣಿಸಿದವರು’ ಎಂಬಲ್ಲಿ ಇವರ ರುಜು. ಅದನ್ನು ಹಾಕುವಾಗ ಇವರ ಮುಖ ನೋಡಬೇಕು, ಮದುಮಗನ ಕಳೆ!

ಗಿಡುಗ ಸುತ್ತು ಹಾಕುವಾಗ ಎಣಿಸಬಾರದು, ಒಂದೇ ಹಕ್ಕಿ ನಾಲ್ಕು ಸಲ ಲೆಕ್ಕಕ್ಕೆ ಬಂದುಬಿಡುತ್ತದೆ. ಬಿಸಿಗಾಳಿಯಲ್ಲಿ ಮೇಲೇರಿ, ಒಂದೊಂದಾಗಿ ಜಾರಿ ಸಾಲು ಹಿಡಿಯುವಾಗ ಎಣಿಸಬೇಕು. ನನ್ನ ಬರಿಗಣ್ಣಿಗೇ ಅವು ಕಾಣುತ್ತವೆ. ಸುಮ್ಮನಿರಲಾಗದೆ ನಾನೂ ಬಾಯಲ್ಲೇ ಪಿಟಿಪಿಟಿ ಎಣಿಸುತ್ತಿರುತ್ತೇನೆ. ಹೊಸನಗರದ ನನ್ನ ತವರಿನಲ್ಲಿ ಭತ್ತ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನದೆ ‘ಲಾಭ’ ಅನ್ನುತ್ತಿದ್ದೆವು. ಗುಡ್ಡದ ಮೇಲೂ ನನ್ನದು ಲಾಭ, ಎರಡು, ಮೂರು.

ಹತ್ತು ಗಂಟೆಗೆ ಪೂರ್ವದಿಂದ ಒಂದು ಗುಂಪು ಎದ್ದಿತು. ಹನ್ನೊಂದು ಎಣಿಸಿದೆ. "ಹನ್ನೊಂದು, ಬರ್ಕ" ಎಂದರು. ತಿರುಗಿ ನೋಡಿದರೆ ಇವರ ದುರ್ಬೀನು ಇದ್ದದ್ದು ಪಡುವಣಕ್ಕೆ, ಬರೀ ನೀರಿನ ಕಡೆಗೆ. ಆಮೇಲೆ ಸೆಳೆವ ಅನ್ನುವ ಜಾತಿಯ ಗಿಡುಗ ಎರಡು, ಜೊತೆಗೆ ಕಳ್ಳಿಪೀರ ಅನ್ನುವ ಸಣ್ಣ ಹಸಿರು ಹಕ್ಕಿ ಇಪ್ಪತ್ತಾರು. ಎಲ್ಲಾ ನನ್ನ ಬಾಯಿಂದ ಕೇಳಿಸಿಕೊಂಡ ಲೆಕ್ಕವೇ. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮುಂದಿನ ಗುಂಪು ಬಂದಾಗ ತುಟಿ ಪಿಟಕ್ಕೆನ್ನದೆ ಕೂತೆ. ಏಳು ಗಿಡುಗ ನೆತ್ತಿಯ ಮೇಲೇ ಹಾದು ಹೋದವು. ಇವರು ದುರ್ಬೀನಿನ ಗಾಜು ಒರೆಸುತ್ತಾ, "ಎಂತ ಇದು, ಹಕ್ಕೀನೇ ಇಲ್ಲ" ಎಂದರು.

ಅಲ್ಲಿಗೆ ಬಿಡಬಹುದಿತ್ತು. ನನ್ನ ಹಾಳು ಸಿಟ್ಟು ಬಿಡಬೇಕಲ್ಲ! ಎಮ್ಮೆ ನೆನಪಾಗಿ ಮೈ ಉರಿಯಿತು. ಖಾಲಿ ಆಕಾಶ ನೋಡುತ್ತಾ, ಬೇಕಂತಲೇ ಸ್ವಲ್ಪ ಗಟ್ಟಿಯಾಗಿ ಎಣಿಸಿದೆ: ಲಾಭ, ಎರಡು, ಮೂರು, ನಾಲ್ಕು, ಐದು.

"ಐದು ಗಿಡುಗ! ಬರ್ಕ, ಬರ್ಕ" ಎಂದರು ಖುಷಿಯಿಂದ.

ಬರೆದೆ. ಪೆನ್ನು ಕೆಳಗಿಟ್ಟೆ. "ರೀ, ಅಲ್ಲಿ ಒಂದು ಕಾಗೇನೂ ಇಲ್ಲ" ಎಂದೆ.

ಇವರು ದುರ್ಬೀನನ್ನು ಕೊರಳಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನೀ ಎಣಿಸಿದ್ಯಲ್ಲೇ" ಎಂದರು. "ನೀ ಎಣಿಸಿದ್ಮೇಲೆ ಇರ್ತಾವೆ ಅಂತ."

ಅಯ್ಯೋ, ನನ್ನ ಬಾಯಿಗೆ ಮಣ್ಣು ಬೀಳ! ಅವಮಾನವಾಗಿದ್ದು ಅವರಿಗಾದರೂ, ಮುಖ ಎತ್ತಲಾಗದೆ ಕೂತವಳು ನಾನು. "ಕಣ್ಣನ್ನ ಡಾಕ್ಟ್ರಿಗೆ ಯಾಕ್ರೀ ತೋರಿಸ್ಲಿಲ್ಲ?" ಎಂದು ಕೇಳಿದೆ.

"ತೋರ್ಸಿದ್ರೆ ಸ್ಕೂಟರ್ ಬಿಡಿಸ್ತಾರೆ. ಇದನ್ನೂ ಬಿಡಿಸ್ತಾರೆ. ಆಮೇಲೆ ಮನೇಲಿ ಕೂತ್ಕಂಡು ಎಂತ ಮಾಡ್ಲಿ ನಾನು?" ಪಟ್ಟಿಯ ಕಡೆ ಕೈ ತೋರಿಸಿ, "ಬೆಳಗ್ಗಿಂದ ನಾ ಹೇಳಿದ್ದೆಲ್ಲ ಹೊಡ್ದು ಹಾಕು" ಎಂದರು.

ನಾನು ಐದನ್ನು ಮಾತ್ರ ಹೊಡೆದೆ. ಬೇಕಂತ ಬಿಟ್ಟಿದ್ದ ಏಳನ್ನು ಸೇರಿಸಿದೆ. ಉಳಿದವೆಲ್ಲ ಸರಿಯಾಗಿಯೇ ಇದ್ದವು. ಇಡೀ ಪಟ್ಟಿಯಲ್ಲಿ ಸುಳ್ಳಿದ್ದದ್ದು ನನ್ನದೊಂದೇ.

"ಹೋದ ವರ್ಷದ ಪಟ್ಟಿ?" ಎಂದೆ, ಹೆದರುತ್ತಲೇ.

"ಅದೂ ನಿಂದೇ" ಎಂದರು.

ಒಂದು ವರ್ಷ. ದಿನಾ ಎದುರು ಕೂರಿಸಿಕೊಂಡು ಬಡಿಸಿದ ನನಗೆ ಗೊತ್ತೇ ಆಗಿರಲಿಲ್ಲ. ಪಟ್ಟಿ ಮಡಚಿಟ್ಟು, ಆ ಗುಡ್ಡದ ಮೇಲೆ, ಇವರ ಪಕ್ಕದಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ.