ಭುಜಕೀರ್ತಿಯ ಒಳಮೈ

"ಅರಮನೆ ಕೊಟ್ರೂ ಕದಿರಮ್ಮ ಆ ಮನೆ ಬಿಡಲ್ಲ ಕಣೇ. ಗಂಡ ಬಂದ್ರೆ ಎಲ್ಲಿ ಹುಡುಕ್ತಾನೆ ಅಂತಾಳೆ" ಎನ್ನುತ್ತಿದ್ದರು ಶಿಡ್ಲಘಟ್ಟದ ಆ ಬೀದಿಯವರು.

ಗಂಡ ನರಸಿಂಹಪ್ಪ ನಾಟಕದವರಿಗೆ ಒಡವೆ ಮಾಡುತ್ತಿದ್ದ. ತಗಡು, ಗಾಜಿನ ಕಲ್ಲು, ಬಂಗಾರದ ಕಾಗದ ಇಷ್ಟಿದ್ದರೆ ಕಿರೀಟ, ಭುಜಕೀರ್ತಿ ಎಲ್ಲ ತಯಾರು. ತಗಡಿನ ಅಂಚು ಪಾತ್ರಧಾರಿಗಳ ಹೆಗಲು ಕೊಯ್ಯುತ್ತಿತ್ತು. ರೇಷ್ಮೆಗೂಡಿನ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಕದಿರಮ್ಮ ಅಲ್ಲಿ ಉಳಿದ ನೂಲಿನ ಸಿಕ್ಕನ್ನು ತಂದು, ಒಳಗೆ ಮೆತ್ತೆಯಿಟ್ಟು, ಒಂದು ಉದ್ದ ಎರಡು ಗಿಡ್ಡ ಎಂದು ಹೊಲಿಗೆ ಹಾಕಿದಳು.

"ರಾಜನ ಹೆಗಲಿಗೇ ಹಾಸಿಗೆ ಹಾಸ್ತಿದೀಯಲ್ಲೇ" ಎಂದು ಗಂಡ ನಕ್ಕಿದ್ದ. ಆಮೇಲೆ ಮೆತ್ತೆಯಿಲ್ಲದ ಒಡವೆ ಅವನ ಕೈ ದಾಟಲಿಲ್ಲ. ಸುತ್ತಮುತ್ತ ಬೇರಾರೂ ಹಾಗೆ ಮಾಡುತ್ತಿರಲಿಲ್ಲ.

ಎಂಬತ್ತಮೂರನೇ ಇಸವಿಯಲ್ಲಿ, ಆಂಧ್ರದ ಕಡೆ ಒಡವೆ ಕೊಟ್ಟುಬರ್ತೀನಿ ಎಂದು ಹೋದವನು ಬರಲಿಲ್ಲ.

ತೊಂಬತ್ತನಾಲ್ಕರಲ್ಲಿ ಪಕ್ಕದ ಮನೆಯ ಚೆನ್ನರಾಯಪ್ಪ ನಾಟಕದಲ್ಲಿ ರಾಜನಾದ. ಬಾಡಿಗೆಗೆ ತಂದ ಭುಜಕೀರ್ತಿಯ ದಾರ ಕಿತ್ತಿತ್ತು. "ಅಕ್ಕಾ, ಒಂದು ಹೊಲಿಗೆ ಹಾಕ್ಕೊಡು. ರಾಜನ ಮಾನ ನಿನ್ನ ಕೈಲಿದೆ" ಎಂದ.

ಕದಿರಮ್ಮ ಒಳಮೈ ತಿರುಗಿಸಿದಳು. ರೇಷ್ಮೆಯ ಸಿಕ್ಕು. ಒಂದು ಉದ್ದ, ಎರಡು ಗಿಡ್ಡ. ಬಂಗಾರದ ಕಾಗದ ಇನ್ನೂ ಮಾಸಿರಲಿಲ್ಲ. ಹಾಗಾದರೆ ಮನುಷ್ಯ ಬದುಕಿದ್ದಾನೆ.

ಬಾಡಿಗೆಗೆ ಕೊಟ್ಟ ಚಿಂತಾಮಣಿಯ ಅಂಗಡಿಯವನು, "ಗೌರಿಬಿದನೂರಲ್ಲಿ ಮಾಡಿಸ್ತೀವಮ್ಮಾ" ಎಂದು ಮನೆಯ ಗುರುತು ಹೇಳಿದ. ಮರುದಿನ ಕದಿರಮ್ಮ ತಲೆತುಂಬ ಕನಕಾಂಬರ ಮುಡಿದು ಬಸ್ಸು ಹತ್ತಿದಳು.

ಆ ಮನೆಯ ಜಗಲಿಯಲ್ಲಿ ಬರಿಹಣೆಯ ಹೆಂಗಸೊಬ್ಬಳು ಕಿರೀಟ ಹೊಲಿಯುತ್ತಿದ್ದಳು. ಹಿಂದಿನ ಗೋಡೆಯಲ್ಲಿ ಹಾರ ಹಾಕಿದ ಫೋಟೋ. ನರಸಿಂಹಪ್ಪನ ಮೀಸೆ ನರೆತಿತ್ತು.

"ಒಡವೆ ಮಾಡಿಸ್ಬೇಕಾಮ್ಮಾ? ಬನ್ನಿ. ಯಜಮಾನ್ರು ಯುಗಾದಿಗೆ ಮುಂಚೆ ತೀರ್ಕೊಂಡ್ರು. ಈಗ ನಾನೇ ಮಾಡೋದು."

ಕದಿರಮ್ಮ ಜಗಲಿಯಲ್ಲಿ ಕೂತು ಕಿರೀಟದ ಒಳಮೈ ಮುಟ್ಟಿ ನೋಡಿದಳು. "ಈ ರೇಷ್ಮೆ ಮೆತ್ತೆ ಯಾರು ಕಲಿಸಿದ್ದು?" ಎಂದಳು.

"ಅವರೇ. ಅವರಿಗೆ ಅವರಮ್ಮ ಹೇಳ್ಕೊಟ್ಟಿದ್ದಂತೆ." ಹೆಂಗಸು ನೀರು ತಂದುಕೊಟ್ಟಳು. "ನೀವು ಯಾರು ಅಂತ ಗೊತ್ತಾಗ್ಲಿಲ್ಲ."

"ನಿಮ್ಮತ್ತೆ ಕಡೆಯೋಳು" ಎಂದಳು ಕದಿರಮ್ಮ. ನೀರು ಕುಡಿದು ಎದ್ದಳು. ಬಸ್ಸಿನಲ್ಲಿ ಮುಡಿಯ ಹೂವನ್ನು ಒಂದೊಂದಾಗಿ ಬಿಡಿಸಿ ಮಡಿಲಿಗೆ ಹಾಕಿಕೊಂಡಳು.

ಮುಂದಿನ ವಾರ ಪಾತ್ರೆಗಳನ್ನು ಚೀಲಕ್ಕೆ ತುಂಬಿ ಹೊರಬಂದಳು. ಎದುರುಮನೆಯ ಮುನಿಗಂಗಮ್ಮ ಗಾಬರಿಯಿಂದ ಕೇಳಿದಳು: "ಎಲ್ಲಿಗೇ ಹೊರಟೆ?"

"ಕೆಂಚಾರ್ಲಹಳ್ಳಿಗೆ. ತಂಗಿ ಮನೆಗೆ."

"ಅವನು ಬಂದ್ರೆ ಏನಂತ ಹೇಳ್ಲೇ?"

"ಬರಲ್ಲ ಕಣಕ್ಕಾ" ಎಂದಳು ಕದಿರಮ್ಮ. ಚೀಲ ಸೊಂಟಕ್ಕೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.