ಹಾಡಿಗೆ ಮುಂಚಿನ ಮಾತು

ಹೊಸೋಯಾ ಸಾನ್ ಅವರ ಬಲಗೈ ತೋರುಬೆರಳು ನನಗೆ ಅವರ ಮುಖಕ್ಕಿಂತ ಚೆನ್ನಾಗಿ ನೆನಪಿದೆ. ಸಣಕಲು ಬೆರಳು, ಉಗುರು ಸದಾ ಒಪ್ಪವಾಗಿ ಕತ್ತರಿಸಿದ್ದು. ತಮ್ಮ ಮಾತು ಮುಗಿದು, ಹಾಡು ಶುರುವಾಗಲು ಒಂದು ಉಸಿರಿನಷ್ಟು ಹೊತ್ತು ಉಳಿದಿರುವಾಗ ಆ ಬೆರಳನ್ನು ಎದೆಯ ಮಟ್ಟಕ್ಕೆ ಎತ್ತುತ್ತಿದ್ದರು. ಹಾಡುವವರು ಆ ಉಸಿರನ್ನು ಎಳೆದುಕೊಂಡು ಬಾಯಿ ತೆರೆದರೆ ಸಾಕು, ತಾಳ ತಪ್ಪುತ್ತಿರಲಿಲ್ಲ.

ಅವರು ಹಾಡುವವರಲ್ಲ. ಜಪಾನಿನ ಇಚಿಕಾವಾದಲ್ಲಿ ನಾನಿದ್ದ ಕಟ್ಟಡದ ಕೆಳಗಿನ ಮನೆಯಲ್ಲಿ ಹೆಂಡತಿ ಫುಮಿಕೋ ಸಾನ್ ಜೊತೆ ಇದ್ದ, ನಿವೃತ್ತರಾದ ವಿಮಾ ಏಜೆಂಟರು. ನಾನು ಸಂಶೋಧನೆಗೆಂದು ಮೈಸೂರಿನಿಂದ ಅಲ್ಲಿಗೆ ಹೋದವಳು. ಭಾನುವಾರ ಮಧ್ಯಾಹ್ನ ಬಡಾವಣೆಯ ಭವನದಲ್ಲಿ ವಯಸ್ಸಾದವರೆಲ್ಲ ಸೇರಿ ಎಂಕಾ ಹಾಡುತ್ತಿದ್ದರು. ಎಂಕಾ ಎಂದರೆ ಅಲ್ಲಿನ ಹಳೆಯ ಧಾಟಿಯ ವಿರಹದ ಹಾಡು. ಹಾಡಿಗೆ ಮುಂಚೆ ವಾದ್ಯಗಳಷ್ಟೇ ನುಡಿಯುವ ಹೊತ್ತಿನಲ್ಲಿ ಒಬ್ಬರು ಎದ್ದು ನಿಂತು, ನಾಲ್ಕೇ ಮಾತಿನಲ್ಲಿ ಒಂದು ಕಥೆ ಕಟ್ಟಿ, ಕೇಳುವವರ ಮನಸ್ಸನ್ನು ಹದ ಮಾಡಿ ಹಾಡುವವರಿಗೆ ಒಪ್ಪಿಸುವುದು ಆ ಹಾಡುಗಳ ಒಂದು ಪದ್ಧತಿ. ನಮ್ಮ ಭವನದಲ್ಲಿ ಆ ಕೆಲಸ ಹೊಸೋಯಾ ಸಾನ್ ಅವರದು. ಅಜ್ಜಿಯ ಪಕ್ಕ ಕೂತು ಹರಿಕಥೆ ಕೇಳಿ ಬೆಳೆದ ನನಗೆ ಅದು ಅಪರಿಚಿತವೆನಿಸಲಿಲ್ಲ. ಆದರೆ ಇಷ್ಟು ಕಡಿಮೆ ಮಾತಿನಲ್ಲಿ ಜನ ಕರವಸ್ತ್ರ ತೆಗೆಯುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಮೊದಮೊದಲು ನನಗೆ ನಗು ಬರುತ್ತಿತ್ತು. ಎಲ್ಲ ಹಾಡಿನಲ್ಲೂ ಅದೇ ಹಿಮ, ಅದೇ ಬಂದರು, ಹೇಳದೆ ಹೋದ ಅದೇ ಗಂಡಸು. ಒಮ್ಮೆ, ಇದರಲ್ಲಿ ಹೊಸದೇನಿದೆ ಎಂದು ಕೇಳಿಯೇಬಿಟ್ಟೆ.

"ಏನೂ ಇಲ್ಲ" ಎಂದರು, ಹೊಗಳಿಸಿಕೊಂಡವರಂತೆ. "ಹೊಸ ದುಃಖ ಅಂತ ನೀವು ಎಲ್ಲಾದರೂ ನೋಡಿದ್ದೀರಾ?"

ಅವರದು ಒಂದೇ ನಿಯಮ. ಕಥೆಯಲ್ಲಿ ಹೆಸರಿರಬಾರದು, ಗುರುತು ಸಿಗುವ ಯಾವುದೂ ಇರಬಾರದು. "ಕುರ್ಚಿ ಖಾಲಿ ಬಿಡಬೇಕು" ಎನ್ನುತ್ತಿದ್ದರು. "ಗುರುತು ಹೇಳಿದಿರೋ, ಆ ಕಥೆಯವಳೇ ಬಂದು ಕೂತುಬಿಡುತ್ತಾಳೆ. ಕೇಳಲು ಬಂದವರು ಎಲ್ಲಿ ಕೂರಬೇಕು?"

ನನ್ನ ಗಂಟಲಲ್ಲಿ ಒಂದಿಷ್ಟು ಭಾವಗೀತೆಯ ರೂಢಿ ಇತ್ತು. ಸ್ವರ ಹೊರಳಿಸುವುದು ಚೆನ್ನಾಗಿದೆ ಎಂದು ನನಗೂ ಒಂದು ಬಂದರಿನ ಹಾಡು ಕಲಿಸಿದರು. ಹಾಡುವಾಗ ಅಳಬಾರದು, ನೀವೇ ಅತ್ತುಬಿಟ್ಟರೆ ಅವರಿಗೇನು ಉಳಿಯಿತು ಎಂದು ರೇಗಿಸುತ್ತಿದ್ದರು. ಅಭ್ಯಾಸ ಅವರ ಮನೆಯಲ್ಲೇ ನಡೆಯುತ್ತಿತ್ತು. ಫುಮಿಕೋ ಸಾನ್ ಚಹಾ ತಂದಿಟ್ಟು ಒಳಗೆ ಹೋಗುವರು. ಅವರು ಭವನಕ್ಕೆ ಬರುವುದನ್ನು ನಾನು ಒಮ್ಮೆಯೂ ನೋಡಲಿಲ್ಲ. ಯಾಕೆ ಬರುವುದಿಲ್ಲ ಎಂದು ಕೇಳಿದ್ದಕ್ಕೆ, "ನಾನಾ? ನಾನು ಅಲ್ಲಿಗೆ ಬೇಕಾದಷ್ಟು ಸಲ ಹೋಗಿಯಾಗಿದೆ" ಎಂದು ನಕ್ಕರು. ಮೊದಲು ಹಾಡುತ್ತಿದ್ದರೇನೋ ಅಂದುಕೊಂಡೆ.

2011ರ ಮಾರ್ಚಿನಲ್ಲಿ ಭೂಕಂಪವಾಯಿತು. ನಾನು ಮದುವೆಯಾಗಬೇಕಿದ್ದ ಕಿರಣ ಆಗ ಉರಯಾಸುವಿನಲ್ಲಿದ್ದ. ಕಡಲು ತುಂಬಿಸಿ ಮಾಡಿದ ಅಲ್ಲಿನ ನೆಲ ಕೆಸರಾಗಿ ಉಕ್ಕಿತ್ತು, ನಲ್ಲಿಗಳು ಒಣಗಿದ್ದವು. ಅವನ ಫೋನ್ ಸಿಗುತ್ತಿರಲಿಲ್ಲ. ಕೊಂಬಿನಿ ಅಂಗಡಿಗಳಲ್ಲಿ ನೀರು ಖಾಲಿಯಾಗಿತ್ತು. ಪಕ್ಕದ ಮನೆಯ ರೂಪಾ ತನ್ನಲ್ಲಿದ್ದ ಎರಡು ದೊಡ್ಡ ಬಾಟಲಿ ತಂದುಕೊಟ್ಟು, "ತಗೊಂಡ್ ಹೋಗೇ, ನಮಗೆ ನಲ್ಲೀಲಿ ಬರ್ತಿದೆ" ಅಂದಳು. ರೈಲಿಳಿದು ನಡೆದೆ. ಮ್ಯಾನ್‌ಹೋಲುಗಳು ನೆಲದಿಂದ ಮೇಲೆದ್ದು ಕಂಬಗಳ ಹಾಗೆ ನಿಂತಿದ್ದವು. ಒಣಗಿದ ಬೂದು ಮರಳು ಕಣ್ಣಿಗೆ ತೂರುತ್ತಿತ್ತು. ಕಿರಣನ ಬಾಗಿಲು ಹಾಕಿತ್ತು. ನಿಮ್ಮವರು ಮೊನ್ನೆಯೇ ಸೂಟ್‌ಕೇಸ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋದರಲ್ಲ ಎಂದು ಪಕ್ಕದ ಮನೆಯಾಕೆ ಹೇಳಿದರು. ನನಗೆ ಗೊತ್ತಿಲ್ಲವೆಂದು ತಿಳಿದ ಮೇಲೆ ಆಕೆ ಸುಮಿಮಾಸೆನ್ ಎಂದು ತಲೆ ಬಗ್ಗಿಸಿದರು, ತಪ್ಪು ತನ್ನದೇ ಎಂಬಂತೆ. ಆಮೇಲೆ ಬೆಂಗಳೂರಿನಿಂದ ಅವನ ಒಂದು ಸಾಲು ಬಂತು: ಸಾರಿ, ಎಲ್ಲಾ ಅರ್ಜೆಂಟಾಗಿ ಆಗೋಯ್ತು. ಅದಾದ ಮೇಲೆ ಅದೂ ಇಲ್ಲ.

ನೀರು ಅವನಿಗೆ ಕೊಟ್ಟೆ, ನೀನು ಮೊದಲು ಹೊರಡು ಅಂತ ನಾನೇ ಕಳಿಸಿದೆ ಎಂದು ರೂಪಾಗೆ ಹೇಳಿದೆ. ಕೆಲವು ತಿಂಗಳ ನಂತರ ಅಮ್ಮನಿಗೆ, ಈ ಮದುವೆ ಬೇಡ ಅಂತ ನನಗೇ ಅನ್ನಿಸಿತು ಎಂದೆ. ಎಲ್ಲರೂ ನಂಬಿದರು. ನನ್ನ ಬಳಿ ಉಳಿದಿದ್ದ ಮರ್ಯಾದೆ ಅಷ್ಟೇ. ಅದನ್ನು ಹುಷಾರಾಗಿ ಇಟ್ಟುಕೊಂಡಿದ್ದೆ.

ಎಂಕಾ ನನಗೆ ಅರ್ಥವಾದದ್ದು ಆಗ. ಆ ಹಾಡುಗಳ ಹೆಂಗಸು ಯಾರನ್ನೂ ಬೈಯುವುದಿಲ್ಲ, ಯಾಕೆ ಹೋದೆ ಎಂದು ಕೇಳುವುದಿಲ್ಲ. ಬಂದರಿನಲ್ಲಿ ಕೋಟಿನ ಕಾಲರು ಎತ್ತಿಕೊಂಡು ನಿಲ್ಲುತ್ತಾಳೆ, ಅಷ್ಟೆ. ಮೊದಲು ಅದು ನನಗೆ ಪೆದ್ದುತನ ಅನ್ನಿಸುತ್ತಿತ್ತು. ಕೇಳಲು ಎದುರಿಗೆ ಯಾರೂ ಇಲ್ಲದಾಗ ಸುಮ್ಮನೆ ನಿಲ್ಲುವುದೂ ಒಂದು ಕೆಲಸ ಎಂದು ಈಗ ತಿಳಿಯಿತು. ಒಂದು ಮಧ್ಯಾಹ್ನ ಅಭ್ಯಾಸದ ನಡುವೆ ಒಂದು ಸಾಲು ದಾಟಲಾಗಲಿಲ್ಲ. ಹೊಸೋಯಾ ಸಾನ್ ವಾದ್ಯ ನುಡಿಸುವ ಕರೋಕೆ ಯಂತ್ರ ನಿಲ್ಲಿಸಿದರು. ನಾನೇ ಎಲ್ಲ ಹೇಳಿದೆ, ನನ್ನ ತುಂಡು ತುಂಡು ಜಪಾನಿಯಲ್ಲಿ. ನೆಂಟರಿಷ್ಟರಿಲ್ಲದ ಭಾಷೆಯಲ್ಲಿ ಕೆಲವು ಮಾತು ಸುಲಭವಾಗಿ ಬರುತ್ತವೆ. ಯಾರಿಗೂ ಹೇಳಿಲ್ಲ ಎಂದೆ. ಅವರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: "ವಾಪಸು ಬರುವಾಗ ನೀರು ಇನ್ನೂ ಭಾರ ಅನ್ನಿಸಿತೇ?"

ಅನ್ನಿಸಿತು ಎಂದೆ. ಅದು ಮರುಕದ ಪ್ರಶ್ನೆ ಎಂದುಕೊಂಡಿದ್ದೆ.

ಆ ವರ್ಷದ ಶರತ್ಕಾಲದಲ್ಲಿ, ಸುನಾಮಿಯಲ್ಲಿ ಮನೆ ಕಳೆದುಕೊಂಡು ಈಶಾನ್ಯದ ಕರಾವಳಿಯಿಂದ ಬಂದಿದ್ದವರಿಗಾಗಿ ಭವನದಲ್ಲಿ ಹಾಡಿನ ಕಾರ್ಯಕ್ರಮವಿತ್ತು. ನಾನು ಹಾಡುತ್ತೇನೆಂದು ರೂಪಾ ಕನ್ನಡದ ನಾಲ್ಕಾರು ಮನೆಯವರನ್ನು ಕರೆತಂದು ಮೂರನೆಯ ಸಾಲು ಪೂರ್ತಿ ಕೂರಿಸಿದ್ದಳು. ಅವಳು ಶಿನಾಗಾವಾದ ಕಚೇರಿಯಲ್ಲಿ ಜಪಾನಿಯಲ್ಲೇ ವ್ಯವಹಾರ ಮಾಡುವವಳು. ಪ್ರತಿ ಹಾಡಿನ ಮುಂಚಿನ ಮಾತನ್ನು ಆ ಸಾಲಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದಳು. ಆ ಪಿಸುಮಾತು ವೇದಿಕೆಯವರೆಗೂ ಬರುತ್ತಿತ್ತು.

ನನ್ನ ಸರದಿ ಬಂತು. ವಾದ್ಯ ಶುರುವಾಯಿತು. ಕಪ್ಪು ಸೂಟಿನ ಹೊಸೋಯಾ ಸಾನ್ ತಗ್ಗಿದ ದನಿಯಲ್ಲಿ ಹೇಳಿದರು:

"ನೆಲ ನಡುಗಿದ ಊರಿಗೆ, ಅವನಿಗೆ ಬಾಯಾರಿರಬಹುದು ಎಂದು ನೀರು ಹೊತ್ತು ಹೋದಳು. ಬಾಗಿಲು ಹಾಕಿತ್ತು. ಹಡಗು ಮೊನ್ನೆಯೇ ಹೋಯಿತಲ್ಲ ಎಂದರು ಪಕ್ಕದ ಮನೆಯವರು. ಕುಡಿಯುವವರಿಲ್ಲದ ನೀರು ಹೋಗುವಾಗಿನದಕ್ಕಿಂತ ಬರುವಾಗ ಭಾರ."

'ನೀರು ಹೊತ್ತು' ಎನ್ನುವವರೆಗೆ ರೂಪಾಳ ದನಿ ಅವರ ಹಿಂದೆಯೇ ಬರುತ್ತಿತ್ತು. 'ಬಾಗಿಲು ಹಾಕಿತ್ತು' ಎಂಬಲ್ಲಿ ನಿಂತಿತು. ಪಕ್ಕದಲ್ಲಿದ್ದವರು ಮುಂದೇನು ಎಂದು ಅವಳ ತೋಳು ಅಲುಗಿಸಿದರು. ಅವಳು ನನ್ನನ್ನೇ ನೋಡುತ್ತಿದ್ದಳು. ಹೊಸೋಯಾ ಸಾನ್ ಬೆರಳು ಎತ್ತಿದರು.

ಹಾಡಿದೆ. ಹಾಡದೆ ಇರುವುದು ಹೇಗೆಂದು ಆ ಕ್ಷಣದಲ್ಲಿ ನನಗೆ ಗೊತ್ತಾಗಲಿಲ್ಲ. ಅಳಲಿಲ್ಲ ಕೂಡ. ಅವರು ಕಲಿಸಿದ್ದು ಹಾಗೆಯೇ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಹಾಡಿರಲಿಲ್ಲ ಎಂದು ಎಲ್ಲರೂ ಹೇಳಿದರು. ಕರಾವಳಿಯಿಂದ ಬಂದಿದ್ದ ಒಬ್ಬ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು, "ನನ್ನ ಮಗಳೂ ನೀರು ತರುತ್ತೇನೆ ಅಂತ ಹೋದಳು" ಎಂದರು. ಆಕೆಯ ಕೈ ಬಿಡಿಸಿಕೊಳ್ಳಲಾಗದೆ ನಿಂತಿದ್ದೆ, ನನ್ನ ಮನಸ್ಸು ಮಾತ್ರ ಮೂರನೆಯ ಸಾಲಿನಲ್ಲಿತ್ತು.

ರೂಪಾ ಹೊರಗೆ ಕಾಯುತ್ತಿದ್ದಳು. "ನೀರು ಕೊಟ್ಟೆ ಅಂದಿದ್ಯಲ್ಲೇ."

"ಅಂದಿದ್ದೆ."

"ಸರಿ ಬಿಡು. ನಾನ್ ಯಾರಿಗೂ ಹೇಳಲ್ಲ" ಅಂದಳು. ಅವಳು ಹೇಳಲಿಲ್ಲವೆಂದೇ ನಂಬಿದ್ದೇನೆ. ಆದರೆ ಆ ಸಾಲಿನಲ್ಲಿ ಜಪಾನಿ ತಿಳಿದವರು ಬೇರೆಯವರೂ ಇದ್ದರು, ಅವಳ ಮುಖ ನೋಡಿದವರಂತೂ ಎಲ್ಲರೂ. ಸ್ವಲ್ಪ ದಿನದಲ್ಲೇ ಮೈಸೂರಿನಿಂದ ಅಮ್ಮ ಫೋನು ಮಾಡಿದಳು. "ನೀರು ಹೊತ್ಕೊಂಡು ಹೋಗಿದ್ಯಂತೆ. ನನ್ ಮಗಳೇ ಬೇಡ ಅಂದ್ಲು ಅಂತ ಕಂಡಕಂಡೋರ ಹತ್ರ ತಲೆ ಎತ್ಕೊಂಡು ಹೇಳಿದ್ನಲ್ಲೇ ನಾನು."

ಹೊಸೋಯಾ ಸಾನ್ ಅವರ ಮನೆಗೆ ಹೋಗಿ, ನನ್ನ ಕಥೆ ಯಾಕೆ ಹೇಳಿದಿರಿ ಎಂದು ಕೇಳಿದೆ. ಹೆಸರು ಹೇಳಲಿಲ್ಲವಲ್ಲ ಎಂದರು. ವಿಮಾನವನ್ನು ಹಡಗು ಮಾಡಿದೆ, ಇನ್ನೇನು ಬೇಕಿತ್ತು ಎಂದರು.

"ಆ ಕುರ್ಚಿಯಲ್ಲಿ ನಾನೇ ಕೂತಿದ್ದೆ" ಎಂದೆ.

ಅವರು ಚಾಪೆ ನೋಡುತ್ತ ಹೇಳಿದರು, "ಅಂಥ ನೀರನ್ನು ಸುಮ್ಮನೆ ಚೆಲ್ಲಲು ಮನಸ್ಸಾಗಲಿಲ್ಲ." ಹಣೆ ಚಾಪೆಗೆ ತಾಗುವಂತೆ ಬಾಗಿ ಕ್ಷಮೆ ಕೇಳಿದರು. ಎದ್ದಾಗ ಅವರ ಮುಖದಲ್ಲಿ ಸಂಕಟವಿತ್ತು, ಸುಳ್ಳು ಹೇಳಲಾರೆ. ಸಂಕಟದ ಕೆಳಗೆ, ಒಳ್ಳೆಯ ಕೆಲಸ ಮುಗಿಸಿದವರ ತೃಪ್ತಿಯೂ ಇತ್ತು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಫುಮಿಕೋ ಸಾನ್ ನನ್ನ ಕಡೆ ನೋಡಿದರು. ಬೇಕಾದಷ್ಟು ಸಲ ಭವನಕ್ಕೆ ಹೋಗಿಯಾಗಿದೆ ಎಂದದ್ದರ ಅರ್ಥ ನನಗೆ ಆಗ ಹೊಳೆಯಿತು: ಆಕೆ ಹೋದದ್ದು ಗಂಡನ ಕಥೆಗಳೊಳಗೆ. ಮೂವತ್ತು ವರ್ಷ ಮನೆಮನೆಯ ಜಗಲಿಯಲ್ಲಿ ಕೂತು ಜನರ ಸಂಕಟ ಕೇಳಿದ ಮನುಷ್ಯನಿಗೆ ಎಲ್ಲಕ್ಕಿಂತ ಹತ್ತಿರವಿದ್ದದ್ದು ಆಕೆಯ ಸಂಕಟ.

ನಾನು ಮತ್ತೆ ಹಾಡಲಿಲ್ಲ. ಕೆಲಸ ಸಿಕ್ಕಿ ಬೇರೆ ಊರಿಗೆ ಹೋದೆ. ಕೆಲವು ವರ್ಷಗಳಾದ ಮೇಲೆ, ಭಾರತಕ್ಕೆ ಮರಳುವ ಮುಂಚೆ ಒಮ್ಮೆ ಅವರ ಮನೆಗೆ ಹೋದೆ. ಪಾರ್ಶ್ವವಾಯು ಬಡಿದು ಹೊಸೋಯಾ ಸಾನ್ ಅವರ ಮಾತು ನಿಂತಿದೆ ಎಂದು ಫುಮಿಕೋ ಸಾನ್ ಫೋನಿನಲ್ಲಿ ತಿಳಿಸಿದ್ದರು. ಕಿಟಕಿಯ ಬಳಿ ಕೂರಿಸಿದ್ದರು. ನನ್ನನ್ನು ಕಂಡ ಕೂಡಲೇ ಯಂತ್ರದ ಕಡೆ ಕಣ್ಣು ಹೊರಳಿಸಿದರು. ಫುಮಿಕೋ ಸಾನ್ ಒತ್ತಿದರು. ಅದೇ ಬಂದರಿನ ಹಾಡು. ವಾದ್ಯಗಳು ಮಾತಿಲ್ಲದೆ ಬರಿದಾಗಿ ನುಡಿದವು. ಅವರ ತುಟಿ ಅದುರಿತು, ದನಿ ಹೊರಡಲಿಲ್ಲ. ಆದರೆ ಸರಿಯಾದ ಜಾಗಕ್ಕೆ, ಒಂದು ಉಸಿರಿನಷ್ಟು ಮುಂಚೆ, ಆ ಬೆರಳು ಕಂಬಳಿಯ ಮೇಲಿಂದ ಎದ್ದಿತು.

ನನಗರಿವಿಲ್ಲದೆ ಎದೆ ಉಸಿರು ತುಂಬಿಕೊಂಡಿತು.

ಫುಮಿಕೋ ಸಾನ್ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ಬೇಡ" ಎಂದರು, ಮೆಲ್ಲಗೆ. "ಹಾಡಿನಲ್ಲಿ ಯಾವಾಗಲೂ ನಾವೇ ಕಾಯುವುದಾಯಿತು. ಇವತ್ತು ಅವರು ಕಾಯಲಿ."

ಉಸಿರು ಬಿಟ್ಟೆ. ಹಾಡು ದನಿಯಿಲ್ಲದೆ ಸಾಗಿತು. ಆಕೆ ನನ್ನ ಬಟ್ಟಲಿಗೆ ಚಹಾ ಬಗ್ಗಿಸಿದರು. ಕೊನೆಯ ಚರಣ ಮುಗಿಯುವವರೆಗೂ ಹೊಸೋಯಾ ಸಾನ್ ಬೆರಳು ಇಳಿಸಲಿಲ್ಲ.